ಬಿಸಿಲು, ಧೂಳಿನ ದಾರಿಯಲ್ಲಿ ದೂರದ ಸೈಕಲ್ ಸ್ಪರ್ಧೆ

ಅಕ್ಕಲಕೋಟೆ, ಜತ್ತ ಸೀಮೆಯ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ, ದೂರದ ಮೌಂಟನ್ ಬೈಕ್ ಸ್ಪರ್ಧೆಗೆ ಇಳಿಯುವವರು 10ರಿಂದ 14 ದಿನ ಮೊದಲೇ ಬಿಸಿಲಿನಲ್ಲಿ ಅಭ್ಯಾಸ ಮಾಡಿ ದೇಹವನ್ನು ಹದಗೊಳಿಸಿಕೊಳ್ಳಬೇಕು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು, ಓಆರ್‌ಎಸ್ ಜೊತೆಗಿರಬೇಕು.

ಚೈನಿನ ವಿಷಯದಲ್ಲಿ ನನ್ನ ಒತ್ತಾಯ ಹೆಚ್ಚು. ದಪ್ಪ ಎಣ್ಣೆ ಹಚ್ಚಿದರೆ ಎರೆಮಣ್ಣಿನ ಧೂಳು ಅದಕ್ಕೆ ಮೆತ್ತಿ, ಕಪ್ಪು ಹಿಟ್ಟಿನಂತಾಗಿ, ಚಕ್ರದ ಹಲ್ಲುಗಳನ್ನು ಅರದಂತೆ ಸವೆಸುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಚೈನನ್ನು ತೊಳೆದು, ಒಣಗಿಸಿ, ಪ್ರತಿ ಕೊಂಡಿಗೂ ಮೇಣದ ಲೂಬ್ (ಚೈನು ಸರಾಗವಾಗಿ ಓಡಲು ಹಾಕುವ ದ್ರವ) ಒಂದೊಂದು ಹನಿ ಬಿಟ್ಟು, ಹೊರಗುಳಿದದ್ದನ್ನು ಬಟ್ಟೆಯಿಂದ ಒರೆಸಬೇಕು. ಟ್ಯೂಬ್‌ಲೆಸ್ ಟೈರಿನ ಸೀಲಂಟ್, ಅಂದರೆ ತೂತುಗಳನ್ನು ತಾನೇ ಮುಚ್ಚುವ ಒಳಗಿನ ದ್ರವ, ಬಿಸಿಗೆ ಬೇಗ ಒಣಗುತ್ತದೆ, ಅದನ್ನೂ ಪರೀಕ್ಷಿಸಬೇಕು.

ತಲೆ ಸುತ್ತಿದರೆ, ಬಿಸಿಲಿನಲ್ಲೂ ಚಳಿಯೆನಿಸಿದರೆ, ಕೂಡಲೇ ಇಳಿದು ನೆರಳು ಸೇರಿ, ಕತ್ತು ಕಂಕುಳಿಗೆ ತಣ್ಣೀರು ಹಾಕಿಕೊಂಡು, ಸಹಾಯ ಕೇಳಬೇಕು.