ಫೌಂಟನ್ ಪೆನ್ನಿಗೆ ಒಗ್ಗುವ ಪ್ರಿಂಟರ್ ಕಾಗದ: ನಾನು ಆರಿಸಿಕೊಂಡ ಬಗೆ

ಕರಡನ್ನು ಮುದ್ರಿಸಿಕೊಂಡು ಫೌಂಟನ್ ಪೆನ್ನಿನಲ್ಲಿ ತಿದ್ದುವುದು ನನ್ನ ಅಭ್ಯಾಸವಾದ್ದರಿಂದ, ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳದೆ ಸಾಗುವ ಮತ್ತು ಶಾಯಿಯನ್ನು ಹರಡಗೊಡದ ಕಾಗದ ನನಗೆ ಬೇಕಾಗಿತ್ತು. ಮೊದಲನೆಯ ಗುಣ ಹೆಚ್ಚುಕಡಿಮೆ ಎಲ್ಲ ಕಾಗದಗಳಲ್ಲೂ ಇರುತ್ತದೆ. ಹುಡುಕಬೇಕಾಗಿ ಬಂದದ್ದು ಎರಡನೆಯದಕ್ಕೆ.

ಪೊಟ್ಟಣದ ಮೇಲೆ ಎದ್ದು ಕಾಣುವುದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 80 ಜಿಎಸ್‌ಎಂನ ಎ4 ಹಾಳೆಯೊಂದು ಸುಮಾರು 5 ಗ್ರಾಂ ಇರುತ್ತದೆ. ಈ ಅಂಕಿಯಿಂದ ದಪ್ಪದ ಅಂದಾಜು ಸಿಗುತ್ತದೆಯೇ ಹೊರತು ಶಾಯಿ ಹೇಗೆ ಕೂರುತ್ತದೆ ಎಂಬುದು ತಿಳಿಯುವುದಿಲ್ಲ. 100 ಜಿಎಸ್‌ಎಂ ಹಾಳೆಯ ಮೇಲೆ ಶಾಯಿ ಬೇರುಬಿಟ್ಟಂತೆ ಹರಡಿದ್ದನ್ನೂ, ತೊಮೊಯೆ ರಿವರ್ ಎಂಬ 52 ಜಿಎಸ್‌ಎಂನ ಜಪಾನಿ ಕಾಗದದ ಮೇಲೆ ಗೆರೆ ಅಚ್ಚುಕಟ್ಟಾಗಿ ನಿಂತದ್ದನ್ನೂ ನಾನು ಕಂಡಿದ್ದೇನೆ. (ಅಷ್ಟು ತೆಳುವಾದ ಹಾಳೆಯಲ್ಲಿ ಹಿಂಬದಿಯ ಬರಹದ ನೆರಳು ಕಾಣುತ್ತದೆ, ಆ ಮಾತು ಬೇರೆ.)

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸೈಜಿಂಗ್, ಅಂದರೆ ಕಾಗದ ನೀರನ್ನು ಸುಲಭವಾಗಿ ಹೀರದಂತೆ ಮಾಡುವ ಸಂಸ್ಕರಣೆ. ಸೆಲ್ಯುಲೋಸ್ ನಾರುಗಳು ಸ್ವಭಾವತಃ ನೀರನ್ನು ಹೀರುತ್ತವೆ. ಇದನ್ನು ತಡೆಯಲು ಗಿರಣಿಯಲ್ಲಿ ತಿರುಳಿಗೆ ಎಕೆಡಿಯಂತಹ ನೀರೊಲ್ಲದ ರಾಸಾಯನಿಕವನ್ನು ಬೆರೆಸುತ್ತಾರೆ, ಹಾಳೆಯ ಮೈಗೆ ಪಿಷ್ಟದ ತೆಳುವಾದ ಲೇಪವನ್ನೂ ಕೊಡುತ್ತಾರೆ. ಲೇಸರ್ ಪ್ರಿಂಟರ್ ಒಣ ಪುಡಿಯನ್ನು ಕಾಯಿಸಿ ಅಂಟಿಸುವುದರಿಂದ, ಸೈಜಿಂಗ್ ಸಾಲದ ಕಾಗದದಲ್ಲೂ ಅದರ ಅಕ್ಷರ ಚೊಕ್ಕವಾಗಿಯೇ ಮೂಡುತ್ತದೆ. ಆದರೆ ಫೌಂಟನ್ ಪೆನ್ನಿನ ಶಾಯಿಯಲ್ಲಿ ಬಹುಪಾಲು ನೀರೇ ಇರುವುದರಿಂದ, ಮುದ್ರಣ ಚೆನ್ನಾಗಿ ಬಂದಿದೆ ಎಂಬ ಒಂದೇ ಕಾರಣಕ್ಕೆ ಕಾಗದವನ್ನು ನಂಬುವಂತಿಲ್ಲ.

ಹೀಗಾಗಿ ಇಡೀ ರೀಮ್ ಕೊಳ್ಳುವ ಮೊದಲು ನಾಲ್ಕಾರು ಹಾಳೆಗಳನ್ನು ತಂದು ಪರೀಕ್ಷಿಸುತ್ತೇನೆ. ನಿತ್ಯ ಬಳಸುವ ಪೆನ್ನಿನ ಜೊತೆಗೆ, ನನ್ನಲ್ಲಿರುವವುಗಳಲ್ಲಿ ಅತಿ ಹೆಚ್ಚು ಶಾಯಿ ಬಿಡುವ ದಪ್ಪ ನಿಬ್ಬಿನ ಪೆನ್ನನ್ನೂ ಪರೀಕ್ಷೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಬರೆಯುವುದು 'ಠ' ಅಕ್ಷರವನ್ನು, ಅದೂ ಚಿಕ್ಕದಾಗಿ: ಶಾಯಿ ಹರಡುವ ಕಾಗದದಲ್ಲಿ ನಡುವಿನ ಚುಕ್ಕಿ ಸುತ್ತಲಿನ ಗೆರೆಗೆ ಅಂಟಿಕೊಂಡು ಅಕ್ಷರವೇ ಒಂದು ಕಲೆಯಾಗಿಬಿಡುತ್ತದೆ. ಅನಂತರ 'ಸ್ತ್ರೀ', 'ರಾಷ್ಟ್ರ' ಎಂದು ಬರೆದು ಒತ್ತಕ್ಷರಗಳ ಸಂದಿ ಬಿಳಿಯಾಗಿಯೇ ಉಳಿದಿದೆಯೇ ಎಂದು ನೋಡುತ್ತೇನೆ. ಕೊನೆಗೆ ನಿಬ್ಬನ್ನು ಒಂದೆಡೆ ಊರಿ ಕ್ಷಣಕಾಲ ಹಿಡಿದು, ಹಾಳೆ ಮಗುಚಿ, ಶಾಯಿ ಹಿಂಬದಿಗೆ ಇಳಿದಿದೆಯೇ ಎಂದು ಪರಿಶೀಲಿಸುತ್ತೇನೆ. ಹಾಳೆಯ ಎರಡು ಮೈಗಳ ನಯ ಒಂದೇ ಬಗೆಯದಾಗಿರದ ಕಾರಣ, ಎರಡೂ ಕಡೆ ಬರೆದು ನೋಡುವುದು ಅಗತ್ಯ. ಸೈಜಿಂಗ್ ಚೆನ್ನಾಗಿರುವ ಕಾಗದದಲ್ಲಿ ಶಾಯಿ ಒಣಗಲು ಹೆಚ್ಚು ಹೊತ್ತು ಬೇಕು. ಅವಸರದಲ್ಲಿ ಪುಟ ತಿರುವುವವರಿಗೆ ಇದು ಸಣ್ಣ ತೊಂದರೆಯಲ್ಲ.

ಮುದ್ರಿತ ಸಾಲುಗಳ ವರ್ತನೆಯೂ ಲೆಕ್ಕಕ್ಕೆ ಬರುತ್ತದೆ. ಲೇಸರ್ ಅಕ್ಷರದ ಮೈ ಪ್ಲಾಸ್ಟಿಕ್ಕಿನದಾದ್ದರಿಂದ ಅದರ ಮೇಲೆ ಎಳೆದ ಗೆರೆ ಸರಿಯಾಗಿ ಹಿಡಿಯುವುದಿಲ್ಲ, ಆದರೆ ಅಕ್ಷರ ಕದಡುವುದೂ ಇಲ್ಲ. ಇಂಕ್‌ಜೆಟ್ಟಿನಲ್ಲಿ ನೀರಿಗೆ ಕರಗುವ ಬಣ್ಣ ಬಳಸಿದ್ದರೆ ಒದ್ದೆ ನಿಬ್ಬು ತಾಗಿದ ಕಡೆ ಮುದ್ರಣವೇ ಕಲಸಿಹೋಗುತ್ತದೆ.

ಸದ್ಯಕ್ಕೆ ಬಹಳ ದಿನ ಇಟ್ಟುಕೊಳ್ಳಬೇಕಾದ ಬರಹಕ್ಕೆ ನುಣುಪಾದ 120 ಜಿಎಸ್‌ಎಂ ಲೇಸರ್ ಕಾಗದವನ್ನೂ, ಕರಡಿಗೆ ಪರೀಕ್ಷೆಯಲ್ಲಿ ಗೆದ್ದ 80 ಜಿಎಸ್‌ಎಂ ಕಾಗದವನ್ನೂ ಬಳಸುತ್ತಿದ್ದೇನೆ. ಎರಡನೆಯದರಲ್ಲಿ ಸಣ್ಣ ನಿಬ್ಬಿಗಷ್ಟೇ ಅವಕಾಶ. ಒಡೆದ ಪೊಟ್ಟಣವನ್ನು ತೇವ ತಾಗದಂತೆ ಸುತ್ತಿಡುತ್ತೇನೆ. ಅಂಗೈಯ ಜಿಡ್ಡು ಹತ್ತಿದ ಜಾಗದಲ್ಲಿ ಗೆರೆ ಮುರಿಯುವುದರಿಂದ ಬರೆಯುವಾಗ ಕೈಕೆಳಗೆ ಒಂದು ತುಂಡು ಕಾಗದ ಇಟ್ಟುಕೊಳ್ಳುತ್ತೇನೆ. ಪೊಟ್ಟಣದ ಹೆಸರು ಅದೇ ಆಗಿದ್ದರೂ ಒಳಗಿನ ಕಾಗದ ಬೇರೆ ಗಿರಣಿಯದಾಗಿರಬಹುದಾದ್ದರಿಂದ, ಹೊಸ ರೀಮ್ ಬಂದಾಗಲೆಲ್ಲ ಮೊದಲ ಹಾಳೆಯ ಮೇಲೆ ಮತ್ತೆ 'ಠ' ಬರೆದು ನೋಡುತ್ತೇನೆ.