ಹಳೇ ಜರ್ಮನ್ ರೂಫ್ ಪ್ರಿಸಂ ಬೈನಾಕ್ಯುಲರ್ ಕೈಗೆ ಬಂದ್ರೆ ನಾನು ಹೇಗೆ ನೋಡ್ತೀನಿ

ಕೆಲಸಕ್ಕೆ ಅಂತ ಜರ್ಮನಿಗೆ ಬಂದು ಹೆಸೆನ್ ರಾಜ್ಯದಲ್ಲಿ ನೆಲೆಸಿರೋದ್ರಿಂದ ಇಲ್ಲಿನ ಹಳೇ ಸಾಮಾನಿನ ಸಂತೆಗಳಲ್ಲಿ ಹೆನ್ಸೋಲ್ಟ್ ಕಂಪನಿಯ ಡಯಾಲಿಟ್, ಲೈಟ್ಸ್ ಕಂಪನಿಯ ಟ್ರಿನೋವಿಡ್ ಅನ್ನೋ ಬೈನಾಕ್ಯುಲರ್‌ಗಳು ಆಗಾಗ ಕಣ್ಣಿಗೆ ಬೀಳುತ್ವೆ, ಎರಡೂ ಹತ್ತಿರದ ವೆಟ್ಜ್ಲಾರ್ ಊರಿನವೇ. ಎರಡರಲ್ಲೂ ಇರೋದು ರೂಫ್ ಪ್ರಿಸಂ, ಅಂದ್ರೆ ತಲೆಕೆಳಗಾದ ಚಿತ್ರವನ್ನ ನೆಟ್ಟಗೆ ಮಾಡೋ, ಕೊಳವೆ ನೇರವಾಗೇ ಇರೋಕೆ ಬಿಡೋ ಗಾಜಿನ ತುಂಡು. ನೇರ ಕೊಳವೆಯ ಬೈನಾಕ್ಯುಲರ್ ಅಂದ್ರೆ ಇತ್ತೀಚಿನದು ಅಂದ್ಕೊಳ್ಳೋರು ಜಾಸ್ತಿ, ಆದ್ರೆ ಹೆನ್ಸೋಲ್ಟ್‌ನವರು 1905ರಲ್ಲೇ ಡಯಾಲಿಟ್ ತಂದಿದ್ರು. 1928ರಲ್ಲಿ ಆ ಕಂಪನಿ ಝೈಸ್ ಅನ್ನೋ ಇನ್ನೊಂದು ಜರ್ಮನ್ ಲೆನ್ಸ್ ಕಂಪನಿಯ ಹಿಡಿತಕ್ಕೆ ಬಂತು, ಆಮೇಲೆ 1960ರ ದಶಕದಲ್ಲಿ ಲೈಟ್ಸ್‌ನವರ ತೆಳ್ಳಗಿನ ಟ್ರಿನೋವಿಡ್, ಝೈಸ್‌ನ 10x40 (ಹತ್ತು ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಲೆನ್ಸ್ 40 ಮಿ.ಮೀ. ಅಗಲದ) ಡಯಾಲಿಟ್ ಎರಡೂ ಪೈಪೋಟಿಗೆ ಬಿದ್ವು.

ನಾನು ಮೊದಲು ಮಾಡೋದು ದೂರದ ಒಂದು ಸಣ್ಣ ದೀಪ ನೋಡೋದು. ಪ್ರಿಸಂನ ಮನೆಮಾಡಿನಂಥ ಎರಡು ಮುಖಗಳ ನಡುವಿನ ಕೋನ ಸರಿಯಾಗಿ 90 ಡಿಗ್ರಿ ಇರ್ಬೇಕು, ಕೆಲವೇ ಆರ್ಕ್ ಸೆಕೆಂಡ್‌ಗಿಂತ ಜಾಸ್ತಿ ತಪ್ಪಿದ್ರೂ ಚಿತ್ರ ಒಡೆದು ಎರಡಾಗುತ್ತೆ (ಒಂದು ಡಿಗ್ರಿಗೆ 3600 ಆರ್ಕ್ ಸೆಕೆಂಡ್, ಯೋಚ್ನೆ ಮಾಡಿ), ಅದನ್ನ ಆ ಕಾಲದಲ್ಲಿ ಉಜ್ಜಿ ಉಜ್ಜಿ ತಂದವರ ಕೈಗೆ ನಿಜವಾಗ್ಲೂ ನಮಸ್ಕಾರ ಹೇಳ್ಬೇಕು.

ಆಮೇಲೆ ನನಗೆ ತುಂಬಾ ಇಷ್ಟದ ಪರೀಕ್ಷೆ. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು ಬೈನಾಕ್ಯುಲರ್‌ನ ಅದರ ಕಡೆ ತಿರುಗಿಸಿ, ಐಪೀಸ್ (ಕಣ್ಣಿಡೋ ಕಡೆಯ ಲೆನ್ಸ್) ಹಿಂದೆ ಪೋಲರೈಸಿಂಗ್ ಫಿಲ್ಟರ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಗಾಜು) ಹಿಡಿದು ಸ್ವಲ್ಪ ದೂರದಿಂದ ನೋಡ್ತಾ ನಿಧಾನಕ್ಕೆ ತಿರುಗಿಸ್ತೀನಿ. ಬೆಳಕಿನ ದುಂಡು ನಡುವೆ ಗೆರೆ ಎಳೆದ ಹಾಗೆ ಸೀಳಿ, ಅರ್ಧ ಕಪ್ಪು ಅರ್ಧ ಬಿಳಿ ಆದ್ರೆ ಫೇಸ್ ಕೋಟಿಂಗ್ (ಬೆಳಕಿನ ಅಲೆಗಳ ಹೊಂದಾಣಿಕೆ ಕೆಡದ ಹಾಗೆ ರೂಫ್ ಮುಖಗಳಿಗೆ ಬಳಿಯೋ ತೆಳು ಲೇಪನ) ಇಲ್ಲ ಅಂತ ಗೊತ್ತಾಗುತ್ತೆ. ಅದಿಲ್ಲದಿದ್ರೆ ರೂಫ್‌ನ ಎರಡು ಮುಖಕ್ಕೆ ಬಡಿದ ಬೆಳಕು ಮತ್ತೆ ಸೇರುವಾಗ ಹೊಂದಾಣಿಕೆ ಆಗದೆ ಚಿತ್ರದ ಸೂಕ್ಷ್ಮ ಗೆರೆಗಳು ಸ್ವಲ್ಪ ಮಸುಕಾಗುತ್ವೆ, ಇದಕ್ಕೆ ಝೈಸ್‌ನವರು ಪರಿಹಾರ ಕಂಡ್ಕೊಂಡು ಮಾರುಕಟ್ಟೆಗೆ ತಂದಿದ್ದು 1988ರಲ್ಲಿ, ಆಮೇಲಿನ ಡಯಾಲಿಟ್ ಮೇಲೆ ಪಿ ಅಕ್ಷರ, ಪಕ್ಕದಲ್ಲೊಂದು ನಕ್ಷತ್ರ ಕೊರೆದಿರ್ತಾರೆ.

ಕೊನೆಗೆ ಮುಂದಿನ ಲೆನ್ಸಿಂದ ಟಾರ್ಚ್ ಬಿಟ್ಟು ಒಳಗೆ ಮಬ್ಬು, ಫಂಗಸ್ ಇದೆಯಾ ನೋಡ್ತೀನಿ, ಇದ್ರೆ ವಾಪಸ್ ಇಟ್ಟುಬಿಡ್ತೀನಿ. ಒಳಗಿನ ಪ್ರಿಸಂಗೆ ಮಾತ್ರ ನಾನು ಕೈ ಹಾಕಲ್ಲ, ಒಂದು ಕೂದಲೆಳೆ ಅಲುಗಿದ್ರೂ ಎರಡು ಕಣ್ಣಿನ ಚಿತ್ರ ಕೂಡಲ್ಲ, ಅದು ರಿಪೇರಿ ಗೊತ್ತಿರೋರ ಕೆಲಸ.

ಪಿ ಇಲ್ಲ ಅಂತ ಹಳೇದನ್ನ ಬಿಟ್ಟು ಬರೋರನ್ನ ನೋಡಿದ್ರೆ ಬೇಜಾರಾಗುತ್ತೆ. ಬೇಟೆಗಾರರಿಗೆ ಅಂತ ಮಾಡಿದ ಹಳೇ 8x56 ಡಯಾಲಿಟ್‌ನ ಆಬೆ-ಕೋನಿಗ್ ಅನ್ನೋ ಬಗೆಯ ರೂಫ್ ಪ್ರಿಸಂನಲ್ಲಿ ಕನ್ನಡಿ ಲೇಪನವೇ ಬೇಕಾಗಿಲ್ಲ, ಅಲ್ಲಿ ಬೆಳಕು ಸೋರಿಹೋಗಲ್ಲ, ಮುಸ್ಸಂಜೆಲಿ ಕಾಡಂಚಿನ ಜಿಂಕೆ ನೋಡೋಕೆ ನಾನು ಈಗ್ಲೂ ಅದನ್ನೇ ತಗೊಂಡು ಹೋಗ್ತೀನಿ.