ಮೂರನೇ ಸಿಲಿಂಡರ್ ಒಂದೇ ಯಾಕೆ? ಹಳೆ ಮಿಯಾಟಾದ ಮಿಸ್‌ಫೈರ್ ಹಿಡಿದ ಬಗೆ

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಬಹಳ ದಿನದಿಂದ ಕಣ್ಣಿಟ್ಟಿದ್ದ ಮಾಜ್ದಾ ಮಿಯಾಟಾ ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿತು. 1999ರ ಗಾಡಿ. ಎರಡೇ ಸೀಟು, ಮಡಚುವ ಟಾಪು, 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 140 ಹಾರ್ಸ್‌ಪವರ್. ಪವರ್ ಜಾಸ್ತಿ ಏನಲ್ಲ. ಆದರೆ ತೂಕ ಒಂದು ಟನ್ನಿಗೆ ಸ್ವಲ್ಪ ಮೇಲೆ ಅಷ್ಟೇ, ಹಾಗಾಗಿ ತಿರುವಿನ ರಸ್ತೆಯಲ್ಲಿ ಅದರ ಮಜಾನೇ ಬೇರೆ.

ಕಡಿಮೆ ಬೆಲೆಗೆ ಸಿಕ್ಕಿದ್ದು ಗಾಡಿ ಮಿಸ್ ಹೊಡೆಯುತ್ತಿದ್ದ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಉರಿಯದೆ ಹೋಗುತ್ತಿದ್ದ ಕಾರಣಕ್ಕೆ. ಮಾರಿದವರು ಏನನ್ನೂ ಮುಚ್ಚಿಡಲಿಲ್ಲ, ಹಳೆ ಬಿಲ್ಲುಗಳ ಕಟ್ಟನ್ನೇ ಕೈಗೆ ಕೊಟ್ಟರು. ಅದರಲ್ಲಿ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್ ಹೊಸದಿತ್ತು, ಆಮೇಲೆ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಹೊಸ ಆಕ್ಸಿಜನ್ ಸೆನ್ಸರ್, ಆಮೇಲೆ ಇನ್ನೊಮ್ಮೆ ಪ್ಲಗ್. ಪ್ಲಗ್ ಹಾಕಿದಾಗೆಲ್ಲ ಕೆಲವು ವಾರ ಚೆನ್ನಾಗಿ ಓಡುತ್ತಿತ್ತಂತೆ. ಮತ್ತೆ ಅದೇ ರಾಗ. ನನಗೆ ಆ ಬಿಲ್ಲುಗಳೇ ಅರ್ಧ ದಾರಿ ತೋರಿಸಿದವು. ಹೊಸ ಪ್ಲಗ್ ಹಾಕಿದರೆ ಸರಿಹೋಗಿ, ಸ್ವಲ್ಪ ದಿನಕ್ಕೆ ಮತ್ತೆ ಕೆಡುತ್ತದೆ ಅಂದರೆ, ಪ್ಲಗ್ಗನ್ನು ಕೆಡಿಸುತ್ತಿರುವುದು ಬೇರೆ ಏನೋ ಇದೆ, ಅಲ್ವಾ?

ಮಿಸ್‌ಫೈರ್ ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಪಾರ್ಟ್ ಹೋಗಿದೆ ಅಂತ. ನಾನು ಮೊದಲು ಕೇಳುವುದು ಯಾವಾಗ ಮಿಸ್ ಹೊಡೆಯುತ್ತದೆ ಅಂತ. ನಿಂತಲ್ಲೇ ಐಡ್ಲಿಂಗ್‌ನಲ್ಲಿ ನಡುಗಿ, ರೇಸ್ ಕೊಟ್ಟರೆ ಸರಿಹೋದರೆ ಎಲ್ಲೋ ಗಾಳಿ ಒಳಗೆ ಎಳೆಯುತ್ತಿರಬಹುದು. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಆದರೆ ಅದರ ಕಥೆ ಬೇರೆ. ನನ್ನ ಗಾಡಿ ಐಡ್ಲಿಂಗ್‌ನಲ್ಲಿ ಬೆಣ್ಣೆಯ ಹಾಗೆ ನುಣುಪು. ಸಪಾಟು ರಸ್ತೆಯಲ್ಲೂ ತಕರಾರಿಲ್ಲ. ಇಲ್ಲಿಂದ ಸ್ಯಾಂಟಾ ಕ್ರೂಜ್‌ಗೆ ಹೋಗುವ ಹೈವೇ 17 ಲಾಸ್ ಗ್ಯಾಟೋಸ್ ದಾಟಿದ ಮೇಲೆ ಬೆಟ್ಟ ಹತ್ತುತ್ತದೆ. ಅಲ್ಲಿ ಟಾಪ್ ಗೇರಿನಲ್ಲೇ ಇಟ್ಟು ಆಕ್ಸಲರೇಟರ್ ಒತ್ತಿದರೆ ಸಾಕು, ಜರ್ಕ್ ಶುರು. ಚೆಕ್ ಎಂಜಿನ್ ದೀಪ ಮಿಣುಕುತ್ತದೆ.

ಆ ದೀಪ ಸುಮ್ನೆ ಹತ್ತಿಕೊಂಡಿದ್ದರೆ ಒಂದು ಅರ್ಥ, ಮಿಣುಕಿದರೆ ಇನ್ನೊಂದು. ಮಿಣುಕುತ್ತಿದೆ ಅಂದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನು ಸುಡುತ್ತಿದೆ ಅಂತ. ಕ್ಯಾಲಿಫೋರ್ನಿಯಾದಲ್ಲಿ ಕನ್ವರ್ಟರ್ ಬದಲಿಸುವ ಖರ್ಚಿನ ಮುಂದೆ ಪ್ಲಗ್ಗು, ವೈರುಗಳ ಖರ್ಚು ಏನೂ ಅಲ್ಲ. ಅದಕ್ಕೇ ದೀಪ ಮಿಣುಕಿದ ತಕ್ಷಣ ಕಾಲು ತೆಗೆದು, ಗೇರ್ ಇಳಿಸಿ, ನಿಧಾನಕ್ಕೆ ಬಂದೆವು.

ಪಕ್ಕದಲ್ಲಿ ಹಾಸನದ ಗೆಳೆಯ ಕೂತಿದ್ದ, ತೊಡೆ ಮೇಲೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಓದುವ ಸ್ಕ್ಯಾನರ್. "ಪಿ0303 ಕಣೋ. ಮೂರನೇ ಸಿಲಿಂಡರ್ ಮಾತ್ರ, ಬೇರೆ ಯಾವುದೂ ಇಲ್ಲ" ಅಂದ.

"ಫ್ರೀಜ್ ಫ್ರೇಮ್ ನೋಡು."

"40 ಮೈಲಿ ಸ್ಪೀಡು, 2,300 ಆರ್‌ಪಿಎಂ, ಲೋಡ್ ನೂರಕ್ಕೆ 80ರ ಮೇಲಿದೆ."

ಕೋಡ್ ಬರೆದುಕೊಳ್ಳುವ ಕ್ಷಣದಲ್ಲಿ ಎಂಜಿನ್ ಏನು ಮಾಡುತ್ತಿತ್ತು ಎಂಬುದನ್ನು ಕಂಪ್ಯೂಟರ್ ಹಿಡಿದಿಡುತ್ತದೆ, ಅದೇ ಫ್ರೀಜ್ ಫ್ರೇಮ್. ತುಂಬಾ ಜನ ಕೋಡ್ ಮಾತ್ರ ಓದಿ ಇದನ್ನು ಬಿಟ್ಟುಬಿಡುತ್ತಾರೆ. ಕಡಿಮೆ ಆರ್‌ಪಿಎಂ, ಜಾಸ್ತಿ ಲೋಡು ಅಂದರೆ ಸಿಲಿಂಡರ್ ತುಂಬಾ ಗಾಳಿ, ಒಳಗೆ ಒತ್ತಡ ಜಾಸ್ತಿ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಕರೆಂಟಿಗೆ ಅದಕ್ಕಿಂತ ಸುಲಭದ ದಾರಿ ಹೊರಗೆಲ್ಲಾದರೂ ಸಿಕ್ಕರೆ ಅಲ್ಲೇ ಹಾರಿಬಿಡುತ್ತದೆ. ಹಾಗಾಗಿ ನನ್ನ ಅನುಮಾನ ಪೆಟ್ರೋಲಿನ ಮೇಲೆ ಹೋಗಲಿಲ್ಲ, ಕಿಡಿಯ ಕಡೆಗೇ ಹೋಯಿತು.

ಇನ್ನು ಪ್ಲಗ್ಗಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್. ಈ ಎಂಜಿನ್ನಿನಲ್ಲಿ ಸಿಲಿಂಡರಿಗೊಂದು ಕಾಯಿಲ್ ಇಲ್ಲ. ಎರಡೇ ಕಾಯಿಲ್: ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಒಂದು ಕಾಯಿಲ್ ಎರಡು ಪ್ಲಗ್ಗಿಗೂ ಒಟ್ಟಿಗೇ ಕಿಡಿ ಕೊಡುತ್ತದೆ. ಒಂದು ಸಿಲಿಂಡರಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಇನ್ನೊಂದು ಆ ಹೊತ್ತಿಗೆ ಹೊಗೆ ಹೊರಹಾಕುತ್ತಿರುತ್ತದೆ, ಅಲ್ಲಿ ಕಿಡಿ ದಂಡ. ಕಾಯಿಲ್ಲೇ ಹೋಗಿದ್ದರೆ ಎರಡೂ ಮೂರೂ ಒಟ್ಟಿಗೆ ಮಿಸ್ ಹೊಡೆಯಬೇಕಿತ್ತು. ಇಲ್ಲಿ ಮೂರನೇದು ಮಾತ್ರ.

ಕರೆಂಟಿನ ದಾರಿ ನೋಡಿದರೆ ಇದು ಇನ್ನೂ ಸ್ಪಷ್ಟ. ಕಾಯಿಲ್ಲಿನಿಂದ ಎರಡನೇ ಪ್ಲಗ್, ಅಲ್ಲಿಂದ ಹೆಡ್ಡು (ಪ್ಲಗ್ಗುಗಳು ಕೂರುವ, ಎಂಜಿನ್ನಿನ ಮೇಲ್ಭಾಗದ ಲೋಹ), ಹೆಡ್ಡಿನಿಂದ ಮೂರನೇ ಪ್ಲಗ್, ಮತ್ತೆ ವಾಪಸ್ ಕಾಯಿಲ್. ಮೂರನೇ ಪ್ಲಗ್ಗಿನ ಹೊರಗೆ ಎಲ್ಲೋ ಕರೆಂಟ್ ಹೆಡ್ಡಿಗೆ ಹಾರಿದರೂ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಎರಡನೇದಕ್ಕೆ ಏನೂ ಗೊತ್ತೇ ಆಗುವುದಿಲ್ಲ. ಕಾಯಿಲ್ ಬದಲಿಸಿ ನೋಡೋಣ ಅಂತ ಕೈಹಾಕದಿದ್ದಕ್ಕೆ ನನ್ನ ಬೆರಳುಗಳು ಬಚಾವಾದವು. ಅದು ಹೆಡ್ಡಿನ ಹಿಂದೆ, ಎಂಜಿನ್ನಿಗೂ ಸೀಟಿನ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲಿಗೆ ಅಂಟಿಕೊಂಡಂತೆ ಕೂತಿದೆ. ಬೋಲ್ಟಿಗೆ ಕೈ ಹೋಗುವುದೇ ಕಷ್ಟ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೂರನೇ ಪ್ಲಗ್ಗಿನ ವೈರನ್ನು ಅದರ ತುದಿಯ ರಬ್ಬರ್ ಟೋಪಿ, ಅಂದರೆ ಬೂಟು, ಹಿಡಿದು ಸ್ವಲ್ಪ ತಿರುಚಿ ಎಳೆದೆ. ವೈರ್ ಹಿಡಿದು ಎಳೆದರೆ ಒಳಗೇ ಕಿತ್ತುಹೋಗುತ್ತದೆ. ಬೂಟು ಅರ್ಧದವರೆಗೆ ಆಯಿಲ್‌ನಲ್ಲಿ ಮುಳುಗಿತ್ತು. ಪ್ಲಗ್ ಕೂರುವ ಗುಂಡಿಯಲ್ಲಿ ಕಪ್ಪು ಆಯಿಲ್ ನಿಂತಿತ್ತು. ಅದನ್ನು ಪೂರ್ತಿ ಹೀರಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಪ್ಲಗ್ ಬಿಚ್ಚಿದೆ. ಮೊದಲೇ ಬಿಚ್ಚಿದರೆ ಅಷ್ಟೂ ಸಿಲಿಂಡರಿಗೇ ಇಳಿಯುತ್ತದೆ.

ಪ್ಲಗ್ಗನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ತುದಿ ಚೆನ್ನಾಗಿಯೇ ಇತ್ತು, ಕಂದು ಬಣ್ಣ. ಆದರೆ ಬಿಳಿ ಪಿಂಗಾಣಿಯ ಮೇಲೆ, ಮೇಲಿನಿಂದ ಲೋಹದವರೆಗೆ, ಪೆನ್ಸಿಲಿನಲ್ಲಿ ಎಳೆದಷ್ಟು ಸಣ್ಣ ಕಪ್ಪು ಗೆರೆ. ಉಗುರಿನಲ್ಲಿ ಕೆರೆದರೂ ಹೋಗಲಿಲ್ಲ. ಬೂಟಿನ ರಬ್ಬರ್ ಆಯಿಲ್ ಕುಡಿದು ಉಬ್ಬಿ ಮೆತ್ತಗಾಗಿತ್ತು. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಅದೇ ಜಾಗದಲ್ಲಿ ಅಂಥದ್ದೇ ಗೆರೆ. ಕಿಡಿ ಗ್ಯಾಪ್ ಬಿಟ್ಟು ಈ ಗೆರೆ ಹಿಡಿದು ಹೆಡ್ಡಿಗೆ ಹಾರುತ್ತಿತ್ತು.

ಈ ಗೆರೆಯ ಗುಣವೇ ಕೆಟ್ಟದ್ದು. ಅದು ಪ್ಲಗ್ ಮತ್ತು ಬೂಟು ಎರಡರಲ್ಲೂ ಇರುತ್ತದೆ. ಹೊಸ ಪ್ಲಗ್ಗಿಗೆ ಹಳೆ ಬೂಟು ಹಾಕಿದರೆ ಬೂಟಿನ ಗೆರೆ ಹೊಸ ಪ್ಲಗ್ಗಿನ ಮೇಲೆ ಮತ್ತೊಂದು ಗೆರೆ ಸುಡುತ್ತದೆ. ಬಿಲ್ಲಿನ ಕಟ್ಟಿನ ಗುಟ್ಟು ಇಷ್ಟೇ. ಮೂರನೇ ಪ್ಲಗ್ಗನ್ನು ಒಂದನೇ ಸಿಲಿಂಡರಿಗೆ ಹಾಕಿ ಕೋಡ್ ಜಾಗ ಬದಲಿಸುತ್ತದಾ ನೋಡು ಅಂತ ಗೆಳೆಯ ಹೇಳಿದ. ಬೇರೆ ಸಂದರ್ಭದಲ್ಲಿ ಅದು ಒಳ್ಳೆ ಉಪಾಯ. ಸಿಲಿಂಡರಿಗೊಂದು ಕಾಯಿಲ್ ಇರುವ ಗಾಡಿಯಲ್ಲಿ ಕಾಯಿಲ್ ಅದಲುಬದಲು ಮಾಡಿ ನಾನೂ ಹಾಗೇ ನೋಡುತ್ತೇನೆ. ಆದರೆ ಗೆರೆ ಬಿದ್ದ ಪ್ಲಗ್ಗನ್ನು ಒಳ್ಳೆ ಬೂಟಿನೊಳಗೆ ಹಾಕಿದರೆ ಒಳ್ಳೆಯದನ್ನೂ ಕೆಡಿಸಿದಂತೆ.

ಆಕ್ಸಿಜನ್ ಸೆನ್ಸರ್ ಪಾಪ ಏನೂ ಮಾಡಿರಲಿಲ್ಲ. ಸಿಲಿಂಡರ್ ಉರಿಯದಿದ್ದರೆ ಪೆಟ್ರೋಲಿನ ಜೊತೆ ಆಕ್ಸಿಜನ್ನೂ ಹಾಗೇ ಹೊರಗೆ ಬರುತ್ತದೆ. ಸೆನ್ಸರಿಗೆ ಕಾಣುವುದು ಆಕ್ಸಿಜನ್ ಮಾತ್ರ. ಪೆಟ್ರೋಲ್ ಸಾಲದು ಅಂತ ಅದು ಹೇಳುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಮಿಸ್ ಹೊಡೆಯುವ ಗಾಡಿಯಲ್ಲಿ ಸೆನ್ಸರಿನ ಮಾತು ನಂಬಿ ಸೆನ್ಸರನ್ನೇ ಬದಲಿಸಿದರೆ ದುಡ್ಡು ದಂಡ.

ಪ್ಲಗ್ ಹೇಗಿದ್ದರೂ ಬಿಚ್ಚಿದ್ದೆ, ಕಂಪ್ರೆಷನ್ನೂ (ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತುತ್ತದೆ ಅಂತ) ನೋಡಿದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ. ಎಂಜಿನ್ ಗಟ್ಟಿಯಿದೆ ಎಂಬ ಸಮಾಧಾನ ಸಿಕ್ಕಿತು.

ಆಯಿಲ್ ಬರುತ್ತಿದ್ದದ್ದು ಮೇಲಿನ ಕವರಿನ ಗ್ಯಾಸ್ಕೆಟ್‌ನಿಂದ. ನಮ್ಮ ಊರಿನ ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್ ಅನ್ನುತ್ತಾರಲ್ಲ, ಅದು. ಪ್ಲಗ್ ಗುಂಡಿಗಳು ವಾಲ್ವ್ ತೆರೆಯುವ ಎರಡು ಕ್ಯಾಮ್‌ಗಳ ನಡುವೆ ಇವೆ. ಗ್ಯಾಸ್ಕೆಟ್ಟಿನ ರಬ್ಬರ್ ವಯಸ್ಸಾಗಿ ಗಟ್ಟಿಯಾದರೆ ಆಯಿಲ್ ಹೊರಗೆ ಮಾತ್ರವಲ್ಲ, ಗುಂಡಿಯೊಳಗೂ ಇಳಿಯುತ್ತದೆ. ಗ್ಯಾಸ್ಕೆಟ್, ನಾಲ್ಕೂ ವೈರು, ನಾಲ್ಕೂ ಪ್ಲಗ್, ಮೂರನ್ನೂ ಒಟ್ಟಿಗೆ ಬದಲಿಸಿದೆ. ಒಂದನ್ನು ಬಿಟ್ಟರೂ ಮತ್ತೆ ಮೊದಲಿನಿಂದ. ಹೆಡ್ಡಿನ ಮೂಲೆಗಳನ್ನು ಪೂರ್ತಿ ಕೆರೆದು ಅಲ್ಲಲ್ಲಿ ಸ್ವಲ್ಪ ಸೀಲೆಂಟ್ ಹಚ್ಚಬೇಕು. ಕವರಿನ ಬೋಲ್ಟುಗಳಿಗೆ ಬಲ ತೋರಿಸಬಾರದು, 5ರಿಂದ 9 ನ್ಯೂಟನ್ ಮೀಟರ್ ಸಾಕು. ಪ್ಲಗ್ ಎನ್‌ಜಿಕೆ ಬಿಕೆಆರ್5ಇ-11. ಕೊನೆಯ 11 ಅಂದರೆ 1.1 ಮಿಲಿಮೀಟರ್ ಗ್ಯಾಪ್. ಹೆಡ್ಡು ಅಲ್ಯೂಮಿನಿಯಂ, ಥ್ರೆಡ್ ಹೋದರೆ ದೊಡ್ಡ ತಲೆನೋವು. ಹಾಗಾಗಿ ಮೊದಲು ಬೆರಳಲ್ಲೇ ತಿರುಗಿಸಿ, ಕೊನೆಗೆ ಮಾತ್ರ ಸ್ಪ್ಯಾನರ್.

ಮತ್ತೆ ಹೈವೇ 17. ಅದೇ ಏರು, ಅದೇ ಟಾಪ್ ಗೇರ್. ಈ ಸಲ ಬೇಕೆಂದೇ ಗೇರ್ ಇಳಿಸದೆ ಒತ್ತಿದೆ. ಗೆಳೆಯ ಸ್ಕ್ಯಾನರ್ ನೋಡುತ್ತಾ "ಏನೂ ಇಲ್ಲ ಕಣೋ, ಬೋರಾಗ್ತಿದೆ" ಅಂದ.

ಸ್ಮಾಗ್ ಟೆಸ್ಟ್, ಅಂದರೆ ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆ, ಹತ್ತಿರ ಇರುವವರಿಗೆ ಒಂದು ಮಾತು. ಕೋಡ್ ಅಳಿಸಿ ಸೀದಾ ಟೆಸ್ಟಿಗೆ ಹೋಗಬೇಡಿ. ಕೋಡ್ ಜೊತೆ ಕಂಪ್ಯೂಟರಿನ ಸ್ವಂತ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ, ಗಾಡಿ ರೆಡಿ ಇಲ್ಲ ಅಂತ ವಾಪಸ್ ಕಳಿಸುತ್ತಾರೆ. ನಾನು ಕೆಲವು ದಿನ ಆಫೀಸಿಗೆ ಅದರಲ್ಲೇ ಹೋಗಿ ಬಂದು, ಎಲ್ಲ ರೆಡಿ ಅಂತ ಸ್ಕ್ಯಾನರಿನಲ್ಲಿ ನೋಡಿಕೊಂಡೇ ಹೋದೆ. ಪಾಸಾಯಿತು, ಕನ್ವರ್ಟರ್ ಹಳೇದೇ.